ಪೆಟ್ಲುಪ್ಪಿನ ನೆಲ

ಆರು ವರ್ಷದ ಹಿಂದೆ, ಮಾರ್ಚ್ ತಿಂಗಳಲ್ಲಿ, ಅರಸನ ಅಪ್ಪಣೆ ಪತ್ರ ಹಿಡಿದು ಬಂದವರು ಹೇಸಲ್‌ಕೊಂಬ್ ಎಂಬ ಊರಿನಲ್ಲಿ ಥಾಮಸಿನ್ ಕ್ರೋ ಎಂಬ ಮೂರು ದಿನದ ಬಾಣಂತಿಯನ್ನು ಹಾಸಿಗೆ ಸಮೇತ ಎತ್ತಿ ದನದ ಕೊಟ್ಟಿಗೆಯಲ್ಲಿಟ್ಟು, ಅವಳು ಮಲಗಿದ್ದ ಕೋಣೆಯ ನೆಲವನ್ನು ಮೊಣಕಾಲಾಳ ಅಗೆದು ಮಣ್ಣು ಹೊತ್ತುಕೊಂಡು ಹೋದರು. ಐದನೆಯ ದಿನ ಮಗು ಸತ್ತಿತು, ಏಳನೆಯ ದಿನ ತಾಯಿ. ಆ ಮಣ್ಣನ್ನು ತೊಟ್ಟಿಯಲ್ಲಿ ನೆನೆಸಿ, ನೀರು ಬಸಿದು, ಕುದಿಸಿ ಪೆಟ್ಲುಪ್ಪು ತೆಗೆದರು. ಉಪ್ಪಿನಿಂದಾದ ಕೋವಿಮದ್ದು ಅರಸನ ಉಗ್ರಾಣ ಸೇರಿತು.

ಈಗ ಅದೇ ಊರಿನ ಆಂಬ್ರೋಸ್ ಪೆಲ್ ತನ್ನ ಮನೆಯಲ್ಲಿ ಗಂಜಿಯ ಬಟ್ಟಲನ್ನು ಮುಂದಿಟ್ಟುಕೊಂಡು ಹಿಮ್ಮಡಿಯಿಂದ ನೆಲವನ್ನು ಒತ್ತಿ ನೋಡುತ್ತಿದ್ದ. ಮೇಲೆ ಹಾಸಿದ ಒಣಹುಲ್ಲು, ಹುಲ್ಲಿನ ಕೆಳಗೆ ಒಂದು ಗೇಣು ಮಣ್ಣು, ಮಣ್ಣಿನ ಕೆಳಗೆ ಕಲ್ಲು. ಮದುವೆಯಾದ ವರ್ಷ ತಾನೇ ಒಂದೊಂದಾಗಿ ಹೊತ್ತು ತಂದು ಸುಣ್ಣ ಹಾಕಿ ಕೂರಿಸಿದ ಕಲ್ಲು. ಹೆಂಡತಿ ಅರ್ಸುಲಾಳ ತವರಿನಲ್ಲಿ ಪೆಟ್ಲುಪ್ಪಿನವರು ಮನೆಮನೆ ಅಗೆಯುತ್ತಿದ್ದುದನ್ನು ಕಣ್ಣಾರೆ ಕಂಡು ಬಂದವನು, ನಮ್ಮ ಮನೆಯಲ್ಲಂತೂ ಅವರ ಗುದ್ದಲಿಗೆ ಏನೂ ಸಿಗಬಾರದು ಎಂದುಕೊಂಡಿದ್ದ. ಆಮೇಲಷ್ಟೇ ಗೊತ್ತಾದದ್ದು, ಬಡವರು ನೆಲಕ್ಕೆ ಕಲ್ಲು ಹಾಸುವುದು ಅಪರಾಧ ಎಂದು. ನೆಲ ಮಣ್ಣಿನದ್ದೇ ಇರಬೇಕು. ಮನುಷ್ಯರ ಉಚ್ಚೆ, ದನಗಳ ಗಂಜಲ, ಹೆರಿಗೆಯ ರಕ್ತ, ಚೆಲ್ಲಿದ ಎಸರು ಎಲ್ಲ ಅದರಲ್ಲಿ ಇಂಗಬೇಕು. ವರ್ಷಗಟ್ಟಲೆ ಇಂಗಿ ಉಪ್ಪಾಗಬೇಕು. ಕಲ್ಲು ಹಾಸಿದವನು ರಾಜ್ಯದ ಮದ್ದು ಕದ್ದವನಿಗೆ ಸಮ, ಅವನಿಗೆ ಸೆರೆಮನೆ. ಹೀಗಾಗಿ ಊರಿನಲ್ಲೇ ಎಲ್ಲಕ್ಕಿಂತ ಗಟ್ಟಿಯಾದ ನೆಲದ ಮೇಲೆ ಕೂತ ಅವನಿಗೇ ಕಾಲೂರಿ ಕೂತೆನೆಂಬ ಭಾವ ಎಂದೂ ಬಂದಿರಲಿಲ್ಲ. ಯಾರಾದರೂ ಬಾಗಿಲಿಗೆ ಬಂದರೆ ಅವರ ಮುಖಕ್ಕಿಂತ ಮೊದಲು ಅವರ ಕಾಲು ನೋಡುವುದು ಅವನ ಅಭ್ಯಾಸವಾಗಿಬಿಟ್ಟಿತ್ತು. ನೆಲ ನೋಡ್ಬೇಡಿ, ಎಂದಳು ಅರ್ಸುಲಾ ಬಟ್ಟಲೆತ್ತಿಕೊಳ್ಳುತ್ತ, ನೀವು ನೋಡಿದ್ರೆ ನಾಕು ಜನ ನೋಡ್ತಾರೆ. ಹನ್ನೊಂದು ವರ್ಷದಿಂದ ಅವಳು ಹೇಳುತ್ತಿದ್ದುದು ಅದನ್ನೇ.

ಪೆಟ್ಲುಪ್ಪಿನವರು ಬರುತ್ತಿದ್ದಾರೆ ಎಂದು ಪಕ್ಕದೂರಿನ ತಳವಾರ ನಿನ್ನೆಯೇ ಹೇಳಿಕಳಿಸಿದ್ದ. ಈ ವರ್ಷ ಹೇಸಲ್‌ಕೊಂಬಿನ ತಳವಾರಿಕೆ ಆಂಬ್ರೋಸನದು. ಆ ಕೆಲಸ ಇಲ್ಲಿ ಯಾರಿಗೂ ಬೇಕಿಲ್ಲ, ಯಾರೂ ಬಿಡುವಂತಿಲ್ಲ. ಮನೆಯ ಸಾಲು ಹಿಡಿದು ವರ್ಷಕ್ಕೊಬ್ಬರಂತೆ ಸರದಿ ಬರುತ್ತದೆ. ನಿಜವಾಗಿ ಈ ಸಲದ ಸರದಿ ಬಾರ್ನಬಿ ಕ್ರೋನದು, ಥಾಮಸಿನ್‌ಳ ಗಂಡನದು. ಆದರೆ ಅರಸನಿಗೂ ಪಾರ್ಲಿಮೆಂಟಿಗೂ ಯುದ್ಧ ಹತ್ತಿದ ತಿಂಗಳೇ ಅವನು ಪಾರ್ಲಿಮೆಂಟಿನ ದಂಡಿಗೆ ಸೇರಿ ಹೋಗಿದ್ದ. ಊರಿನಲ್ಲಿ ಓದಬಲ್ಲವರು ಪಾದ್ರಿಯೂ ಆಂಬ್ರೋಸನೂ ಇಬ್ಬರೇ. ಪಾದ್ರಿ ಅರಸನ ಕಡೆಗೆ ಓಡಿಹೋದ ಮೇಲೆ ಒಬ್ಬನೇ. ಓದು ಬಲ್ಲವನೇ ಆಗಲಿ ಎಂದು ಊರವರು ಬಾರ್ನಬಿಯ ಸರದಿಯನ್ನು ಇವನ ಕೊರಳಿಗೆ ಕಟ್ಟಿದ್ದರು. ಬರುವವರು ಪಾರ್ಲಿಮೆಂಟಿನ ಕಡೆಯವರು ಎಂದು ಕೇಳಿದಾಗ ಅವನ ಎದೆಯ ಮೇಲಿನ ಕಲ್ಲು ಒಂದು ಗಳಿಗೆ ಇಳಿದಂತಾಗಿತ್ತು. ಅರಸನ ಪೆಟ್ಲುಪ್ಪಿನವರ ಹಾವಳಿ ತಪ್ಪಿಸಿ ಎಂದು ಬರೆದುಕೊಂಡಿದ್ದು ಆ ಪಾರ್ಲಿಮೆಂಟಿಗೇ ಅಲ್ಲವೇ? ಅದನ್ನು ಬರೆದದ್ದು ಇದೇ ಕೈ. ಅವರಾದರೆ ಕೇಳಿ ಅಗೆದಾರು, ಮನೆಗಳನ್ನು ಬಿಟ್ಟು ಕೊಟ್ಟಿಗೆ ಅಗೆದಾರು. ಹಾಗೆಂದುಕೊಂಡೇ ಎದ್ದು ಬಾಗಿಲು ತೆರೆದ. ಅಂಗಳದಲ್ಲಿ ಜೆಸ್ಪರ್ ಲೂಮ್ ನಿಂತಿದ್ದ.

ಅಂದು ಅರಸನ ಪತ್ರ ಹಿಡಿದು ಬಂದಿದ್ದ ಅದೇ ಲೂಮ್. ಆರು ವರ್ಷದಲ್ಲಿ ಹೊಟ್ಟೆ ಸ್ವಲ್ಪ ಬಂದಿತ್ತು. ಎದೆಗೆ ಅಡ್ಡವಾಗಿ ಪಾರ್ಲಿಮೆಂಟಿನವರ ಕಿತ್ತಳೆ ಬಣ್ಣದ ಪಟ್ಟಿ. ಅಂಗಿ ಹಳೆಯದೇ, ಅರಸನ ಮುದ್ರೆಯಿದ್ದ ಜಾಗದಲ್ಲಿ ಬಟ್ಟೆಯ ಬಣ್ಣ ಮಾತ್ರ ಹೊಸದಾಗಿ ಉಳಿದಿತ್ತು. ಹಿಂದೆ ನಾಲ್ಕು ಜನ ಅಗೆಯುವವರು, ಎರಡು ಬಂಡಿ, ತೊಟ್ಟಿಗಳು. ಪೆಲ್ ಯಜಮಾನ್ರಿಗೆ ಆರೋಗ್ಯವೇ ಎಂದು ವಿಚಾರಿಸಿದ. ಕಾಲೊರೆಸಿಕೊಳ್ಳುವವನ ಹಾಗೆ ಹೊಸ್ತಿಲ ಒಳಗೆ ಹಿಮ್ಮಡಿಯನ್ನು ಎರಡು ಸಲ ಕುಟ್ಟಿದ. ಆ ಸದ್ದು ಆಂಬ್ರೋಸನ ಹಲ್ಲಿನ ಬೇರಿಗೆ ಹೋಗಿ ಮುಟ್ಟಿತು. "ಒಳ್ಳೆ ನೆಲ. ಇಂಥ ಮನೇಲಿ ಸಂಧಿವಾತ ಬರಲ್ಲ," ಎಂದ ಲೂಮ್. ಆರು ವರ್ಷದ ಹಿಂದೆ ಅವನು ಇದೇ ಹೊಸ್ತಿಲಲ್ಲಿ ಹೀಗೇ ಕುಟ್ಟಿ, ಹೀಗೇ ನಕ್ಕು, ಇಲ್ಲಿ ಅಗೆಯೋದೇನೂ ಕಾಣಲ್ಲ ಬಿಡಿ, ಈ ಊರಲ್ಲಿ ಎಲ್ಲಕ್ಕಿಂತ ಹಸಿ ನೆಲ ಯಾರದ್ದು ಹೇಳಿ ಎಂದಿದ್ದ. ಕ್ರೋ ಮನೆ, ಎಂದಿದ್ದ ಆಂಬ್ರೋಸ್. ಎರಡೇ ಮಾತು. ಸುಳ್ಳಲ್ಲ. ಕ್ರೋ ಮನೆ ತಗ್ಗಿನಲ್ಲಿತ್ತು, ಮೂರು ತಲೆಮಾರಿನವರು ಅಲ್ಲೇ ಹುಟ್ಟಿ ಅಲ್ಲೇ ಸತ್ತಿದ್ದರು, ಚಳಿಗಾಲದಲ್ಲಿ ಹಸು ಒಳಗೇ ಮಲಗುತ್ತಿತ್ತು. ಹೇಳದಿದ್ದರೂ ಲೂಮ್ ಸಂಜೆಯೊಳಗೆ ಹುಡುಕಿಕೊಳ್ಳುತ್ತಿದ್ದ. ಈ ಸಮಾಧಾನವನ್ನು ಅವನು ಎಷ್ಟು ಸಲ ಹೇಳಿಕೊಂಡಿದ್ದನೆಂದರೆ ಈಗ ಅದರಲ್ಲಿ ರುಚಿಯೂ ಉಳಿದಿರಲಿಲ್ಲ, ಅಗಿದು ಅಗಿದು ನಾರಾಗಿತ್ತು.

ಪತ್ರ ತೆಗೆದುಕೊಟ್ಟ ಲೂಮ್. ಅವನಿಗೆ ಓದು ಬಾರದು. ಮೊಹರು ನೋಡಿ ಯಾವ ಪತ್ರ ಯಾವುದೆಂದು ಹೇಳುತ್ತಿದ್ದ, ನಾಲಿಗೆಯಿಂದ ಮಣ್ಣು ಯಾವುದೆಂದು ಹೇಳುವ ಹಾಗೆ. ಆಂಬ್ರೋಸ್ ಬೆಳಕಿಗೆ ಹಿಡಿದು ಓದಿದ. ಅರಸ ಮತ್ತು ಪಾರ್ಲಿಮೆಂಟಿನ ಹೆಸರಿನಲ್ಲಿ, ರಾಜ್ಯದ ರಕ್ಷಣೆಗಾಗಿ, ಪಾರಿವಾಳದ ಗೂಡುಮನೆ, ಲಾಯ, ನೆಲಮಾಳಿಗೆ, ಬರಿದಾದ ಉಗ್ರಾಣ, ಕೊಟ್ಟಿಗೆ, ಅಂಗಳ, ಹಾಗೂ ಉಪ್ಪು ದೊರೆಯಬಹುದಾದ ಇತರ ಸ್ಥಳಗಳು. ಮನೆ ಎಂಬ ಶಬ್ದ ಎಲ್ಲಿಯೂ ಇರಲಿಲ್ಲ. ಅವನಿಗೆ ಉಸಿರು ಬಂದಂತಾಯಿತು. ಮತ್ತೆ ಓದಿದ. ಇತರ ಸ್ಥಳಗಳು. ಊರಿಗೆ ಊರೇ ಹಿಡಿಸುವಷ್ಟು ಜಾಗ ಆ ಎರಡು ಪದಗಳ ಒಳಗಿತ್ತು. ಅರಸನ ಮೇಲೇ ಯುದ್ಧ ನಡೆದಿರುವಾಗ ಅರಸನ ಹೆಸರು ಇದರಲ್ಲಿ ಏಕೆ ಎಂದು ಕೇಳಿದ, ಬೇರೇನು ಕೇಳಲೂ ಬಾಯಿ ಬಾರದೆ.

"ಅರಸರನ್ನ ಕೆಟ್ಟ ಮಂತ್ರಿಗಳ ಕೈಯಿಂದ ಬಿಡಿಸ್ಕೊಳ್ಳೋದಕ್ಕೆ ಅರಸರ ಮೇಲೆ ಗುಂಡು ಹಾರಿಸ್ತಾ ಇದೀವಂತೆ," ಎಂದ ಲೂಮ್. "ನನಗೆ ಹೇಳಿದೋರು ತಲೆಗೆ ದೊಡ್ಡ ಟೋಪಿ ಹಾಕಿದ್ರು, ಅದಕ್ಕೇ ನಂಬಿದೆ. ಮಣ್ಣು ನಿಮ್ಮ ಹಾಗೆ ಪ್ರಶ್ನೆ ಕೇಳಲ್ಲ ಯಜಮಾನ್ರೇ. ಅರಸರು ಉಚ್ಚೆ ಹೊಯ್ದ್ರೂ ಅಷ್ಟೇ ಉಪ್ಪು, ಪಾರ್ಲಿಮೆಂಟು ಹೊಯ್ದ್ರೂ ಅಷ್ಟೇ."

ಅಗೆಯುವವರು ನಕ್ಕರು. ಆಂಬ್ರೋಸನೂ ನಕ್ಕ. ನಕ್ಕಮೇಲೆ ಮುಖವನ್ನು ಹೇಗೆ ಮೊದಲಿನಂತೆ ಮಾಡಿಕೊಳ್ಳಬೇಕೆಂದು ತಿಳಿಯದೆ ಹಾಗೇ ಸ್ವಲ್ಪ ಹೊತ್ತು ಹಲ್ಲು ಬಿಟ್ಟುಕೊಂಡು ನಡೆದ.

ಊರು ಸುತ್ತಿಸಬೇಕಾದದ್ದು ತಳವಾರನ ಕೆಲಸ. ಮೊದಲು ಇಗರ್ಜಿಗೆ ಹೋದರು. ಲೂಮ್ ಹೆಂಗಸರು ಕೂರುವ ಬೆಂಚುಗಳ ಕೆಳಗೆ ಮಂಡಿಯೂರಿ, ಉಗುರಿನಿಂದ ಒಂದು ಚಿಟಿಕೆ ಮಣ್ಣು ಕೆರೆದು ನಾಲಿಗೆಗೆ ಹಚ್ಚಿ ಕಣ್ಣು ಮುಚ್ಚಿದ. ಹೆಂಗಸರು ಉಚ್ಚೆ ತಡೆಯಲಾರದಷ್ಟು ಉದ್ದ ನಿಮ್ಮ ಪಾದ್ರಿಯ ಉಪದೇಶ ಇರುತ್ತಿತ್ತು ಎನ್ನುವುದು ಇಲ್ಲಿ ತಿಳಿಯುತ್ತದೆ ಎಂದು ಹೇಳಿ, ಇನ್ನೊಂದು ಚಿಟಿಕೆಯನ್ನು ಆಂಬ್ರೋಸನ ಮುಂದೆ ಹಿಡಿದ. ಆರು ವರ್ಷದ ಹಿಂದೆಯೂ ಹಿಡಿದಿದ್ದ. ಬೇಡ ಎನ್ನಲಾರದೆ ಆಂಬ್ರೋಸ್ ಆಗ ನಾಲಿಗೆ ಚಾಚಿದ್ದ, ಪ್ರಸಾದದ ರೊಟ್ಟಿಗೆ ಚಾಚಿದ ಹಾಗೆ. ಈಗಲೂ ಚಾಚಿದ. ತಣ್ಣಗಿತ್ತು. ಮೊದಲು ತಣ್ಣಗೆ, ಆಮೇಲೆ ಉಪ್ಪು, ಆಮೇಲೆ ಚುಚ್ಚುವ ಹಾಗೆ ಕಹಿ. ನಮ್ಮ ಹೆಂಗಸರನ್ನೇ ನೆಕ್ಕಿದಂತಾಯಿತಲ್ಲ ಎಂಬ ಯೋಚನೆ ಬಂದು ಅವನಿಗೆ ಉಗಿಯಬೇಕೆನಿಸಿತು. ದೇವರ ಮನೆಯಲ್ಲಿ ಉಗಿಯುವುದೆಲ್ಲಿ ಎಂದು ನುಂಗಿಕೊಂಡ. ಇಷ್ಟು ಸಾಲದು, ಎಂದ ಲೂಮ್. ಹಾಗಾದರೆ ಸರ್ ಮೈಲ್ಸ್ ಅವರ ಬಂಗಲೆಗೆ ಹೋಗೋಣ, ಎಂದು ಆಂಬ್ರೋಸ್ ಬೇಗ ಬೇಗ ಹೇಳಿದ. ಅಲ್ಲಿ ಐನೂರು ಪಾರಿವಾಳದ ಗೂಡುಮನೆ ಇದೆ, ಮುತ್ತಜ್ಜನ ಕಾಲದ ಹಿಕ್ಕೆ ಸೊಂಟದವರೆಗೆ ಬಿದ್ದಿದೆ, ಇಡೀ ಊರಿನ ಮಣ್ಣು ತೆಗೆದರೂ ಅದಕ್ಕೆ ಸಮ ಬಾರದು. ಪತ್ರದಲ್ಲಿ ಮೊದಲ ಹೆಸರೇ ಅದರದ್ದು. ಲೂಮ್ ಎದೆಯ ಪಟ್ಟಿಯ ಕೆಳಗಿನಿಂದ ಇನ್ನೊಂದು ಕಾಗದವನ್ನು ಅರ್ಧ ಎಳೆದು ಮೊಹರನ್ನಷ್ಟೇ ತೋರಿಸಿ ಒಳಗಿಟ್ಟ. ಸರ್ ಮೈಲ್ಸ್ ಈಗ ಜಿಲ್ಲೆಯ ಪಾರ್ಲಿಮೆಂಟಿನ ಸಮಿತಿಯಲ್ಲಿದ್ದಾರೆ. ಹೋದ ಸಲ ಅರಸನ ಸಮಿತಿಯಲ್ಲಿದ್ದರು. ಹೋದ ಸಲವೂ ಪಾರಿವಾಳಗಳಿಗೆ ತೊಂದರೆಯಾಗಬಾರದೆಂಬ ಕಾಗದವಿತ್ತು.

ಇಗರ್ಜಿಯ ಮೆಟ್ಟಿಲಿಳಿಯುವಾಗ ಆಂಬ್ರೋಸನ ಕಾಲು ತಡವರಿಸಿತು. ಅದೇ ಮೆಟ್ಟಿಲ ಮೇಲೆ ಕೂತು ಅವನು ಆ ಅರ್ಜಿ ಬರೆದದ್ದು. ಪಾರ್ಲಿಮೆಂಟು ಹನ್ನೊಂದು ವರ್ಷದ ಮೇಲೆ ಕೂಡಿದೆ, ಜನರ ಕಷ್ಟ ಕೇಳುತ್ತದಂತೆ ಎಂದು ಸುದ್ದಿ ಬಂದ ದಿನ ಊರೆಲ್ಲ ಸುತ್ತ ನಿಂತಿತ್ತು. ಬಾರ್ನಬಿ ಕ್ರೋ ಟೋಪಿಯನ್ನು ಹಿಂಡುತ್ತ ನಿಂತಿದ್ದ. ಥಾಮಸಿನ್‌ಳ ಕಥೆಯನ್ನು ಆಂಬ್ರೋಸನೇ ಬರೆದ. ಹಾಸಿಗೆ ಎತ್ತಿದ್ದು, ಕೊಟ್ಟಿಗೆಯ ಗಾಳಿ, ಮಗು, ತಾಯಿ. ಒಂದು ಸಾಲು ಬಿಟ್ಟು ಎಲ್ಲವನ್ನೂ ಬರೆದ. ಬರೆದದ್ದನ್ನು ಗಟ್ಟಿಯಾಗಿ ಓದಿದಾಗ ಹೆಂಗಸರು ಅತ್ತರು, ಬಾರ್ನಬಿ ಮುಂದೆ ಬಂದು ತನ್ನ ದೊಡ್ಡ ಒರಟು ಕೈಗಳಿಂದ ಆಂಬ್ರೋಸನನ್ನು ತಬ್ಬಿಕೊಂಡ. ಇಂಥದ್ದನ್ನ ನನ್ನ ಪರವಾಗಿ ನಮ್ಮಪ್ಪನೂ ಹೇಳ್ತಿರಲಿಲ್ಲ ಅಣ್ಣಾ, ಎಂದ. ಆ ಅಪ್ಪುಗೆಯಲ್ಲಿ ಮೈ ಬಿಗಿಹಿಡಿದು ನಿಂತದ್ದು, ಬಾರ್ನಬಿಯ ಅಂಗಿಯ ಕುರಿ ವಾಸನೆ, ಇವನು ಯಾವಾಗ ಬಿಟ್ಟಾನು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದುದು, ಯಾವುದನ್ನೂ ಅವನು ಮರೆತಿರಲಿಲ್ಲ. ದಂಡಿಗೆ ಹೊರಟ ದಿನವೂ ಬಾರ್ನಬಿ ಬಾಗಿಲಿಗೆ ಬಂದು, ನೀನು ಬರೆದೆ, ನಾನು ಹೊಡಿತೀನಿ, ಅವ್ವನ್ನ ನೋಡ್ಕೊ, ಎಂದಿದ್ದ. ನೋಡಿಕೊಂಡಿದ್ದ ಆಂಬ್ರೋಸ್. ಸೌದೆ ಒಡೆದುಕೊಟ್ಟಿದ್ದ, ಮಾಡು ಹೊದೆಸಿದ್ದ. ಆದರೆ ಆ ಕೋಣೆಯ ಒಳಗೆ ಮಾತ್ರ ಕಾಲಿಟ್ಟಿರಲಿಲ್ಲ. ಸಾರ ಬಸಿದ ಮಣ್ಣನ್ನೇ ತಿರುಗಿ ತಂದು ತುಂಬಿದ್ದ ಆ ನೆಲ ಹೆಜ್ಜೆಗೆ ಮೆತ್ತಗೆ ಸಿಗುತ್ತದೆ ಎಂದು ಅವನಿಗೆ ಅನಿಸುತ್ತಿತ್ತು.

ಉಳಿದ ಮನೆಗಳಲ್ಲಿ ಲೂಮ್ ಮಣ್ಣು ರುಚಿ ನೋಡುತ್ತ, ತಲೆಯಾಡಿಸುತ್ತ, ಎರಡು ಕೊಟ್ಟಿಗೆಗಳಿಗೆ ಗುರುತು ಹಾಕುತ್ತ ಬಂದ. ಪ್ರತಿ ಬಾಗಿಲಲ್ಲೂ ಜನ ಲೂಮನನ್ನು ನೋಡದೆ ಆಂಬ್ರೋಸನನ್ನು ನೋಡಿದರು. ಪಾರ್ಲಿಮೆಂಟಂತೆ, ಎಂದು ಒಬ್ಬ ಮುದುಕ ಯಾರಿಗೂ ಅಲ್ಲದ ಹಾಗೆ ಹೇಳಿ ಬಾಗಿಲು ಹಾಕಿಕೊಂಡ. ಅರ್ಜಿ ಬರೆದವನನ್ನು ಮೆಚ್ಚಿದ ಕಣ್ಣುಗಳೇ ಅವು. ಅವರ ಎದುರು ತಾನು ಅರಸನವನೋ ಪಾರ್ಲಿಮೆಂಟಿನವನೋ ಎಂಬ ಪ್ರಶ್ನೆಯೇ ಇಲ್ಲ, ಗುದ್ದಲಿಯ ಮುಂದೆ ನಡೆಯುವವನು ಅಷ್ಟೇ ಎಂದು ಅವನಿಗೆ ಹೊಳೆಯಿತು. ಗುದ್ದಲಿಗೆ ಯಾವಾಗಲೂ ಒಬ್ಬ ಬೇಕು, ಆ ಊರಿನವನೇ, ದಾರಿ ಗೊತ್ತಿದ್ದವನು, ಅಂಜಿಕೆ ಇದ್ದವನು. ತಗ್ಗಿನ ದಾರಿಯ ಕವಲಿಗೆ ಬಂದಾಗ ಅವನು ಎಡಕ್ಕೆ ತಿರುಗಿದ. ಲೂಮ್ ನಿಂತ. ಬಲಗಡೆ ಯಾರ ಮನೆ ಎಂದು ಕೇಳಲಿಲ್ಲ. ಅವನಿಗೆ ನೆನಪಿತ್ತು. "ಆರು ವರ್ಷ ಆಯ್ತಲ್ಲ," ಎಂದ, ಹಣ್ಣಿನ ಮರದ ಮಾತಾಡುವವನಂತೆ. "ಮಣ್ಣು ಮತ್ತೆ ಪಕ್ವಕ್ಕೆ ಬರೋದಕ್ಕೆ ಸರಿಯಾಗಿ ಆರು ವರ್ಷ."

ಅಲ್ಲಿ ಬೇಡ, ಎಂದ ಆಂಬ್ರೋಸ್. ಮನೆಯ ಗಂಡಸು ನಿಮ್ಮ ದಂಡಿನಲ್ಲೇ ಇದ್ದಾನೆ, ಒಳಗೆ ಇರುವುದು ಕೆಮ್ಮುವ ಮುದುಕಿಯೊಬ್ಬಳೇ, ಅಕ್ಟೋಬರ್ ಬಂದಿದೆ, ಹದಿನೈದು ದಿನ ಅವಳು ಕೊಟ್ಟಿಗೆಯಲ್ಲಿ ಮಲಗಿದರೆ ಬದುಕಲಾರಳು. ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದ. ಲೂಮ್ ಸಮಾಧಾನದಿಂದ ಕೇಳಿಸಿಕೊಂಡ. ಮನೆ ಅಗೆಯಬೇಕಾದರೆ ಹೊಸ್ತಿಲಲ್ಲಿ ನಿಂತು ಮನೆಯವರಿಗೆ ಪತ್ರ ಓದಿ ಹೇಳಬೇಕೆಂಬ ಕಟ್ಟಳೆ ಇದೆ, ಅದನ್ನು ತಪ್ಪಿಸುವುದಿಲ್ಲ, ನೀವು ಓದಿ ಹೇಳಿದ ಮೇಲೇ ಗುದ್ದಲಿ ಮುಟ್ಟುತ್ತೇವೆ, ನಾವೇನು ಕಳ್ಳರೇ ಎಂದ. ಓದದೆ ಅಗೆದವನೊಬ್ಬನ ಕೈಯಿಂದ ಹೋದ ತಿಂಗಳಷ್ಟೇ ಪತ್ರ ಕಿತ್ತುಕೊಂಡರಂತೆ. ಆಮೇಲೆ ಆಂಬ್ರೋಸನ ಹೆಗಲ ಮೇಲೆ ಕೈಯಿಟ್ಟು, ಅಗೆಯುವವರಿಗೆ ಕೇಳಿಸದಂತೆ, ಇಲ್ಲವಾದರೆ ನಿಮ್ಮ ಮನೆಯಿಂದಲೇ ಶುರು ಮಾಡೋಣ, ನಿಮ್ಮಿಷ್ಟ, ಎಂದ. ಹೆಗಲ ಮೇಲಿನ ಕೈ ಬೆಚ್ಚಗಿತ್ತು. ಆಂಬ್ರೋಸ್ ಬಲಕ್ಕೆ ತಿರುಗಿದ.

ಮಾರ್ಜರಿ ಅಜ್ಜಿ ಬಾಗಿಲಲ್ಲಿ ಒಣಗಿದ ಬಟಾಣಿ ಸುಲಿಯುತ್ತ ಕೂತಿದ್ದಳು. ಬಾರ್ನಬಿಯ ತಾಯಿ. ಕಣ್ಣು ಮಂಜಾಗಿತ್ತು, ಮೊದಲು ಕಂಡದ್ದು ಕಿತ್ತಳೆ ಪಟ್ಟಿ. ಮಗನ ದಂಡಿನವರು ಎಂದು ಎದ್ದು ನಿಂತಳು, ಮಡಿಲಿನಿಂದ ಸಿಪ್ಪೆ ಚೆಲ್ಲಿತು. ಬಾರ್ನಬಿಯ ಸುದ್ದಿ ಏನಾದರೂ ತಂದಿರಾ ಎಂದು ಕೇಳಿದಳು. ಲೂಮ್ ಟೋಪಿ ತೆಗೆದ. ಹೋದ ಸಲ ತೆಗೆದಿರಲಿಲ್ಲ. ನಿಮ್ಮ ಮಗನ ಕೆಲಸದ ಮೇಲೇ ಬಂದಿದ್ದೇವೆ ತಾಯಿ, ದಂಡಿನಲ್ಲಿ ಜನ ಇದ್ದಾರೆ, ಕೋವಿ ಇವೆ, ಮದ್ದು ಮುಗಿದಿದೆ, ನಿಮ್ಮ ನೆಲದ ಮಣ್ಣು ಕೊಟ್ಟರೆ ಅದು ಅವನ ಕೋವಿಗೆ ಹೋಗುತ್ತದೆ ಎಂದ. ಅವನು ಸುಳ್ಳು ಹೇಳುತ್ತಿದ್ದಾನೆ ಎಂದು ಕೂಗಬೇಕೆನಿಸಿತು ಆಂಬ್ರೋಸನಿಗೆ. ಆದರೆ ಅದು ಸುಳ್ಳಾಗಿರಲಿಲ್ಲ. ಅದೇ ಅದರ ಅಸಹ್ಯ. ಮುದುಕಿ ಚೆಲ್ಲಿದ ಸಿಪ್ಪೆಯನ್ನು ಕಾಲಿನಿಂದ ಒಟ್ಟುಮಾಡಿದಳು. ಕೂಗಾಡುತ್ತಾಳೆ, ಶಪಿಸುತ್ತಾಳೆ, ಬಾಗಿಲಿಗೆ ಅಡ್ಡ ಮಲಗುತ್ತಾಳೆ ಎಂದು ಅವನು ಕಾದ. ಅವಳು ಹಾಗೆ ಮಾಡಿದರೆ ಸಾಕು, ತಾನು ಏನೂ ಮಾಡಬೇಕಾಗಿಲ್ಲ ಎಂಬ ಆಸೆಯಿಂದಲೇ ಕಾದ.

"ನನ್ನ ಮಗನಿಗಾದ್ರೆ ಅಗೀರಿ," ಎಂದಳು ಮಾರ್ಜರಿ. "ನಾನೆಲ್ಲಿ ಮಲಗಲಿ?"

ಕೊಟ್ಟಿಗೆ ಇದೆಯಲ್ಲ ತಾಯಿ, ಎಂದ ಲೂಮ್.

"ಆ ಕೊಟ್ಟಿಗೇಲಿ," ಎಂದಳು ಅವಳು, ಕೇಳಿದ ಹಾಗೂ ಇರಲಿಲ್ಲ, ಒಪ್ಪಿದ ಹಾಗೂ ಇರಲಿಲ್ಲ. ಒಳಗೆ ಹೋಗಿ ಕೆಮ್ಮುತ್ತ ತನ್ನ ಕಂಬಳಿಯನ್ನು ತಾನೇ ಸುತ್ತತೊಡಗಿದಳು. ಅಗೆಯುವವರು ಗುದ್ದಲಿ ಇಳಿಸಿದರು. ಲೂಮ್ ಪತ್ರವನ್ನು ಆಂಬ್ರೋಸನ ಕೈಗಿತ್ತ. ಹೊಸ್ತಿಲಲ್ಲಿ ನಿಂತು ಆಂಬ್ರೋಸ್ ಗಂಟಲು ಸರಿಮಾಡಿಕೊಂಡ. ಆ ಸದ್ದಿಗೆ ಮುದುಕಿ ಕಂಬಳಿ ಬಿಟ್ಟು, ಕೈ ಕಟ್ಟಿಕೊಂಡು, ಇಗರ್ಜಿಯಲ್ಲಿ ನಿಲ್ಲುವಂತೆ ಎದುರು ಬಂದು ನಿಂತಳು.

"ಓದಪ್ಪ," ಎಂದಳು. "ನೀನು ಓದಿದ್ರೆ ಕೇಳೋ ಹಾಗಿರತ್ತೆ. ಹೋದ ಸಲ ನೀನು ಓದ್ತಾ ಇದ್ದಾಗ ಥಾಮಸಿನ್ ಒಳಗೆ ಮಗೂಗೆ ಹಾಲು ಕುಡಿಸ್ತಿದ್ಲು. ಸುಮ್ನಿರಿ ಅತ್ತೆ, ಆಂಬ್ರೋಸಣ್ಣ ಓದ್ತಿದಾರೆ, ಏನೋ ಒಳ್ಳೇದೇ ಇರ್ಬೇಕು ಅಂದ್ಲು. ಆಮೇಲೆ ಇವರು ಒಳಗೆ ಬಂದ್ರು."

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ಅವನು ಅದನ್ನು ಹಿಡಿದುಕೊಂಡು ನಿಲ್ಲುತ್ತಿದ್ದ. ಆರು ವರ್ಷ ಅವನು ಕಾಪಾಡಿಕೊಂಡು ಬಂದ ಪಾಪ ಬೇರೆಯದಾಗಿತ್ತು: ತನ್ನ ಮನೆಯ ಹೊಸ್ತಿಲಲ್ಲಿ ಮೆಲ್ಲಗೆ ಹೇಳಿದ ಎರಡು ಮಾತು, ಯಾರಿಗೂ ಕೇಳಿಸದ್ದು. ಅದನ್ನು ಮುಚ್ಚಿಡುವುದರಲ್ಲೇ ಅವನ ಎಚ್ಚರವೆಲ್ಲ ಹೋಗಿತ್ತು. ಓದಿದ್ದನ್ನು ಪಾಪದ ಲೆಕ್ಕಕ್ಕೇ ಹಿಡಿದಿರಲಿಲ್ಲ. ಓದು ಬಲ್ಲವನೆಂದು ತನಗೆ ಒಪ್ಪಿಸಿದ ಕೆಲಸ ಅದು, ಅದು ಬೇರೆಯವರ ಮಾತು, ತನ್ನದು ಬರೀ ಬಾಯಿ. ಆ ದಿನ ಎಷ್ಟು ಚೆನ್ನಾಗಿ ಓದಿದ್ದ ಎಂಬುದು ಈಗ ನೆನಪಾಯಿತು. ಪಾದ್ರಿ ನಿಲ್ಲಿಸುವ ಕಡೆ ನಿಲ್ಲಿಸಿ, ಅರಸನ ಹೆಸರು ಬಂದಲ್ಲಿ ದನಿ ಎತ್ತರಿಸಿ, ಸುತ್ತ ನಿಂತವರು ಬೆರಗಾಗಲಿ ಎಂದು. ಗೋಡೆಯ ಆಚೆ ಒಬ್ಬ ಹುಡುಗಿ, ಇಪ್ಪತ್ತು ದಾಟಿರದವಳು, ತನ್ನನ್ನು ಎತ್ತಿ ಹೊರಗಿಡುವ ಅಪ್ಪಣೆಯನ್ನು ಆ ದನಿಯ ಸೊಗಸಿಗೆ ನಂಬಿ ಕೇಳಿಸಿಕೊಂಡಿದ್ದಳು. ಅಜ್ಜಿ, ಈ ಮನೆಯ ಹೆಸರು ಹೇಳಿದವನೂ ನಾನೇ, ಎಂದುಬಿಡಲೇ ಎನಿಸಿತು. ನಾಲಿಗೆಯ ತುದಿಗೆ ಬಂದಿತ್ತು, ಬೆಳಗಿನ ಮಣ್ಣಿನ ಕಹಿ ಇನ್ನೂ ಇದ್ದ ನಾಲಿಗೆ. ಹೇಳಿದರೆ ಅವಳು ಕ್ಷಮಿಸಿಬಿಡುತ್ತಾಳೆ. ಮಗನಿಗಾಗಿ ನೆಲ ಕೊಟ್ಟವಳಿಗೆ ಅದೇನೂ ದೊಡ್ಡದಲ್ಲ. ಕೊಟ್ಟ ಕ್ಷಮೆಯನ್ನು ಹೊತ್ತುಕೊಂಡು ತಾನು ಹಗುರಾಗಿ ಮನೆಗೆ ಹೋಗುತ್ತೇನೆ. ಅದೂ ಈ ಮನೆಯಿಂದ ಇನ್ನೊಂದು ಬುಟ್ಟಿ ಮಣ್ಣು ಎತ್ತಿದ ಹಾಗೇ ಅಲ್ಲವೇ? ಅವನು ಬಾಯಿ ಮುಚ್ಚಿಕೊಂಡ. ಪತ್ರವನ್ನು ಮಡಿಸಿದ. ಎರಡು ಮಡಿಕೆ, ನಾಲ್ಕು ಮಡಿಕೆ.

"ಓದಿ ಯಜಮಾನ್ರೇ," ಎಂದ ಲೂಮ್. "ಬಂಡಿ ಕಾಯ್ತಿದೆ."

"ಓದಲ್ಲ."

ಲೂಮ್ ನಕ್ಕ. ಹತ್ತಿರ ಬಂದು, ನಿಮ್ಮ ಮನೆಯ ಹುಲ್ಲಿನ ಕೆಳಗೆ ಏನಿದೆ ಎಂದು ಈಗಲೇ ಇಲ್ಲೇ ಹೇಳಲೇ ಎಂದು ಕೇಳಿದ. ಕಲ್ಲಿದೆ, ಎಂದ ಆಂಬ್ರೋಸ್, ಅಗೆಯುವವರಿಗೂ ಮುದುಕಿಗೂ ಕೇಳುವಷ್ಟು ಗಟ್ಟಿಯಾಗಿ. ಹೇಳಿದ ಮೇಲೆ ಬಿಡುಗಡೆಯೇನೂ ಆಗಲಿಲ್ಲ. ಅರ್ಸುಲಾ ಒಲೆಯ ಮುಂದೆ ಬಗ್ಗಿರುವುದು ಕಣ್ಣಿಗೆ ಕಟ್ಟಿತು. ಲೂಮನ ಮುಖದಿಂದ ನಗೆ ಹೋಗಿತ್ತು. ಅಗೆಯುವವರ ಕಡೆ ತಿರುಗಿ ನಿಮ್ಮಲ್ಲಿ ಯಾರಿಗಾದರೂ ಓದು ಬರುತ್ತದೆಯೇ ಎಂದ. ಯಾರಿಗೂ ಬರುತ್ತಿರಲಿಲ್ಲ. ಪಾರ್ಲಿಮೆಂಟಿನ ಅಪ್ಪಣೆ ಮೀರಿದವನಿಗೆ ಏನಾಗುತ್ತದೆ ಗೊತ್ತೇ, ನಾಳೆಯೊಳಗೆ ಸಿಪಾಯಿಗಳೂ ಓದುವವನೂ ಬರುತ್ತಾರೆ, ನೆಲ ಹೇಗೂ ಹೋಗುತ್ತದೆ, ಜೊತೆಗೆ ನೀವೂ ಹೋಗುತ್ತೀರಿ ಎಂದ. ಅದು ಆಂಬ್ರೋಸನಿಗೂ ಗೊತ್ತಿತ್ತು.

ಮಾರ್ಜರಿ ಮುಂದೆ ಬಂದು ಅವನ ತೋಳು ಹಿಡಿದುಕೊಂಡಳು. ಬೆರಳುಗಳು ಒಣಗಿದ ಕಡ್ಡಿಯಂತಿದ್ದವು. ಏನು ನಡೆಯುತ್ತಿದೆ ಎಂದು ಅವಳಿಗೆ ತಿಳಿಯುತ್ತಿರಲಿಲ್ಲ, ಆದರೆ ಮಗನಿಗೆ ಹೋಗಬೇಕಾದದ್ದು ತಡೆದು ನಿಂತಿದೆ ಎಂಬುದಷ್ಟೇ ತಿಳಿದಿತ್ತು.

"ಯಾಕಪ್ಪಾ ಹೀಗೆ ಮಾಡ್ತೀಯ," ಎಂದಳು. "ಅವನ ಕೈಯಲ್ಲಿ ಕೋವಿ ಇದೆ, ಮದ್ದಿಲ್ಲ. ನಿನ್ನ ಕಾಲಿಗೆ ಬೀಳ್ತೀನಿ, ಓದು."

ಅವನು ಅವಳ ಕೈಯನ್ನು ತೋಳಿನಿಂದ ಬಿಡಿಸಲಿಲ್ಲ.

"ಓದೋದಿಲ್ಲ ಅಜ್ಜಿ," ಎಂದ.